ಆ ಎರಡು ಕೈಗಳಿಗೆ ಯಾವ ಧರ್ಮ?

2015ರ ಏಪ್ರಿಲ್‌ನಲ್ಲಿ ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ಅಮೃತಾ ಆಸ್ಪತ್ರೆಯಲ್ಲಿ ಅಫ್ಘಾನಿಸ್ತಾನ ಸೇನೆಯ ಕ್ಯಾಪ್ಟನ್ ಒಬ್ಬರಿಗೆ ಎರಡು ಕೈಗಳನ್ನು ಕಸಿ ಮಾಡಲಾಯಿತು. ಕಂದಹಾರ್‌ನಲ್ಲಿ ನೆಲಬಾಂಬ್ ತೆಗೆಯುವಾಗ ಅವರು ತಮ್ಮ ಎರಡೂ ಕೈ ಕಳೆದುಕೊಂಡಿದ್ದರು. ಕೈಗಳು ಬಂದದ್ದು ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡಿದ್ದ, ಕೊಚ್ಚಿ ಸಮೀಪದ ಕ್ರೈಸ್ತ ಗೃಹಸ್ಥರೊಬ್ಬರಿಂದ. ಆಸ್ಪತ್ರೆ ಮಾತಾ ಅಮೃತಾನಂದಮಯಿ ಮಠದ್ದು. ಶಸ್ತ್ರಚಿಕಿತ್ಸೆಯ ನೇತೃತ್ವ ವಹಿಸಿದವರು ಡಾ. ಸುಬ್ರಮಣ್ಯ ಅಯ್ಯರ್. ಅದೇ ವರ್ಷದ ಜನವರಿಯಲ್ಲಿ ದೇಶದ ಮೊದಲ ಕೈ ಕಸಿ ಕೂಡ ಇಲ್ಲಿಯೇ ಆಗಿತ್ತು.

ನಾನಿರುವ ತ್ರಿಪ್ಪುಣಿತ್ತುರದಿಂದ ಎಡಪ್ಪಳ್ಳಿಗೆ ಈಗ ನೇರ ಮೆಟ್ರೊ ಇದೆ. ಓಣಂ ಹಬ್ಬಕ್ಕೆ ಚಾಲನೆ ಕೊಡುವ ಅತ್ತಚ್ಚಮಯಂ ಮೆರವಣಿಗೆ ನಡೆಯುವುದು ನಮ್ಮ ಈ ಊರಿನಲ್ಲೇ. ರಾಜರ ಕಾಲದಲ್ಲಿ ಆ ಮೆರವಣಿಗೆಗೆ ನೆಟ್ಟೂರಿನ ತಂಙಳ್ ಮತ್ತು ಕರಿಙಾಚ್ಚಿರ ಚರ್ಚಿನ ಪಾದ್ರಿ ಇಬ್ಬರೂ ಬರುತ್ತಿದ್ದರೆಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಹಿಂದೂ ಮಠದ ಆಸ್ಪತ್ರೆ, ಕ್ರೈಸ್ತ ದಾನಿ, ಮುಸ್ಲಿಂ ಸೈನಿಕ. ಇಲ್ಲಿನವರಿಗೆ ಈ ಕಥೆ ತಮ್ಮೂರಿನ ಕಥೆಯಂತೆಯೇ ಕೇಳಿಸುವುದು ಸಹಜ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ಅದೇ ಸೈನಿಕ ಕಾಬೂಲಿನಲ್ಲಿ ಬಾಂಬ್ ಸ್ಫೋಟಕ್ಕೆ ಬಲಿಯಾದರು. ವೈದ್ಯರು ಹೊಲಿದು ಜೋಡಿಸಿದ್ದನ್ನು ಯುದ್ಧ ಐದು ವರ್ಷದೊಳಗೆ ಮತ್ತೆ ಕಿತ್ತುಕೊಂಡಿತು. ಹಾಗಾದರೆ ಆ ಕುಟುಂಬದ ದಾನ ವ್ಯರ್ಥವಾಯಿತೇ?

ಜೀವ ಉಳಿಸದ ಚಿಕಿತ್ಸೆ

ಈ ಪ್ರಶ್ನೆ ಕೈ ಕಸಿಯ ವಿಷಯದಲ್ಲಿ ಇನ್ನಷ್ಟು ಕಠಿಣವಾಗುತ್ತದೆ. ಹೃದಯ ಅಥವಾ ಯಕೃತ್ತು ಸಿಗದಿದ್ದರೆ ರೋಗಿ ಉಳಿಯುವುದಿಲ್ಲ. ಕೈ ಇಲ್ಲದೆಯೂ ಮನುಷ್ಯ ಬದುಕಬಲ್ಲ. ಆದರೆ ಬೇರೆಯವರ ಕೈ ಪಡೆದವರು, ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಬದುಕಿರುವವರೆಗೂ ನುಂಗಬೇಕು. ಸೋಂಕು, ಮೂತ್ರಪಿಂಡಕ್ಕೆ ಹಾನಿ, ಕೆಲವು ಬಗೆಯ ಕ್ಯಾನ್ಸರ್‌ ಅಪಾಯ ಜೊತೆಗೇ ಬರುತ್ತವೆ. 1998ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಹೊಸ ಕೈ ಪಡೆದ ನ್ಯೂಜಿಲೆಂಡಿನ ವ್ಯಕ್ತಿ ಔಷಧ ನಿಲ್ಲಿಸಿದ್ದರಿಂದ 2001ರಲ್ಲಿ ಆ ಕೈಯನ್ನು ತೆಗೆಯಬೇಕಾಯಿತು.

ಆರೋಗ್ಯವಾಗಿರುವ ವ್ಯಕ್ತಿಯನ್ನು ಇಂಥ ಅಪಾಯಕ್ಕೆ ಒಡ್ಡುವುದು ಸರಿಯೇ ಎಂದು ವೈದ್ಯರಲ್ಲೇ ಹಲವರು ಕೇಳಿದ್ದುಂಟು. ಇದಕ್ಕೆ ಉತ್ತರ ಹೇಳುವ ಹಕ್ಕಿರುವುದು ಕೈ ಇಲ್ಲದವರಿಗೆ ಮಾತ್ರ ಎಂಬುದು ನನ್ನ ಭಾವನೆ. ಊಟ, ಶೌಚ, ಬಟ್ಟೆಯ ಗುಂಡಿ ಎಲ್ಲಕ್ಕೂ ಮತ್ತೊಬ್ಬರನ್ನು ಕರೆಯಬೇಕಾದ ಬದುಕಿನ ಲೆಕ್ಕ ನಮ್ಮ ನಿಮ್ಮ ಲೆಕ್ಕವಲ್ಲ.

ಕನ್ನಡನಾಡಿಗೂ ಈ ಆಸ್ಪತ್ರೆಯ ಋಣವಿದೆ. ಬಸ್ ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿನಿಗೆ 2017ರಲ್ಲಿ ಎರ್ನಾಕುಲಂನ ಕಾಲೇಜು ಯುವಕನ ಕೈಗಳನ್ನು ಜೋಡಿಸಲಾಯಿತು. ಮುಂದೆ ಆಕೆ ಅದೇ ಕೈಯಲ್ಲಿ ಪರೀಕ್ಷೆ ಬರೆದಳು. 2022ರ ಜನವರಿಯಲ್ಲಿ, ವಿದ್ಯುತ್ ಆಘಾತದಿಂದ ಕೈಗಳನ್ನು ಕಳೆದುಕೊಂಡಿದ್ದ ಯಾದಗಿರಿಯ ಯುವಕನ ಸರದಿ. ಅವನಿಗಾಗಿ ಕೈಗಳು ತಿರುವನಂತಪುರದಿಂದ ಸುಮಾರು 200 ಕಿ.ಮೀ. ದಾರಿ ಸವೆಸಿ ಬಂದವು. ಶಸ್ತ್ರಚಿಕಿತ್ಸೆಗೆ 18 ಗಂಟೆ ಹಿಡಿಯಿತು. ದಾನಿ ಕೊಲ್ಲಂ ಜಿಲ್ಲೆಯವರು. ಆ ಮನೆಯವರು ಯಾದಗಿರಿಯನ್ನು ಅದಕ್ಕೆ ಮುಂಚೆ ಭೂಪಟದಲ್ಲಾದರೂ ನೋಡಿದ್ದರೋ ಇಲ್ಲವೋ.

ಧರ್ಮ ಏನೆನ್ನುತ್ತದೆ?

ಅಂಗದಾನದ ಮಾತೆತ್ತಿದರೆ ನಮ್ಮಲ್ಲಿ ಮೊದಲು ನೆನಪಾಗುವವರು ಶಿಬಿ, ದಧೀಚಿ ಮತ್ತು ಬೇಡರ ಕಣ್ಣಪ್ಪ. ಆದರೆ ಅದೇ ಮನೆಗಳಲ್ಲಿ, ಪೂರ್ಣ ದೇಹವಿಲ್ಲದೆ ಸಂಸ್ಕಾರ ಮಾಡಿದರೆ ಸದ್ಗತಿ ಸಿಗುತ್ತದೆಯೇ, ಮುಂದಿನ ಜನ್ಮದಲ್ಲಿ ಆ ಅಂಗ ಇರುತ್ತದೆಯೇ ಎಂಬ ಅಳುಕೂ ಇದೆ. ಕ್ರೈಸ್ತರಲ್ಲಿ ಪುನರುತ್ಥಾನದ ನಂಬಿಕೆಯಿಂದ ಹುಟ್ಟುವ ಸಂಕೋಚವಿತ್ತು. 2000ನೇ ಇಸವಿಯಲ್ಲಿ ಎರಡನೇ ಜಾನ್ ಪಾಲ್ ಪೋಪರು ರೋಮ್‌ನಲ್ಲಿ ಅಂಗಕಸಿ ತಜ್ಞರ ಮುಂದೆ ಮಾತನಾಡಿ, ದಾನವನ್ನು ಪ್ರೀತಿಯ ಕ್ರಿಯೆ ಎಂದು ಕರೆದರು. ಮಿದುಳು ಸಾವಿನ ಮಾನದಂಡವನ್ನೂ ಒಪ್ಪಿದರು. ಮುಸ್ಲಿಮರಿಗೆ ದೇಹ ದೇವರು ಒಪ್ಪಿಸಿದ ಅಮಾನತ್ತು. ಅದನ್ನು ಕೊಡುವ ಹಕ್ಕು ನಮಗಿದೆಯೇ ಎಂಬ ಚರ್ಚೆ ಬಹುಕಾಲ ನಡೆದು, 1988ರಲ್ಲಿ ಜೆದ್ದಾದಲ್ಲಿ ಸೇರಿದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅನುಮತಿ ನೀಡಿತು. ಸತ್ತವರ ಅಥವಾ ವಾರಸುದಾರರ ಒಪ್ಪಿಗೆ ಇರಬೇಕು, ಮಾರಾಟ ಕೂಡದು ಎಂಬುದು ಅದರ ಮುಖ್ಯ ಷರತ್ತು.

ಮೂರೂ ಧರ್ಮಗಳಲ್ಲಿ ಅಳುಕು ಬೇರೆ ಬೇರೆ, ತಲುಪಿದ ಜಾಗ ಬಹುಮಟ್ಟಿಗೆ ಒಂದೇ. ದಧೀಚಿಯ ಎಲುಬು ಯುದ್ಧಕ್ಕೆ ವಜ್ರಾಯುಧವಾಯಿತು. ಕೊಚ್ಚಿಯ ಗೃಹಸ್ಥರ ಕೈ ಸೇರಿದ್ದು ಬಾಂಬ್ ತೆಗೆಯುತ್ತಿದ್ದವರನ್ನು. ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಯುದ್ಧ ನಿಂತ ಮೇಲೂ ನೆಲಬಾಂಬ್ ಮಣ್ಣಿನಡಿ ಕಾಯುತ್ತಿರುತ್ತದೆ. ಕಾಲಿಟ್ಟವರು ಸೈನಿಕರೋ ಕುರಿ ಕಾಯುವ ಹುಡುಗರೋ ಎಂದು ನೋಡುವುದಿಲ್ಲ. ಅದನ್ನು ನಿಷೇಧಿಸುವ 1997ರ ಒಟ್ಟಾವ ಒಪ್ಪಂದಕ್ಕೆ ಅಫ್ಘಾನಿಸ್ತಾನ 2002ರಲ್ಲಿ ಸೇರಿತು. ಭಾರತ ಇನ್ನೂ ಸೇರಿಲ್ಲ.

ಯಾರ ಕೈ, ಯಾವ ಧರ್ಮ ಎಂದು ಬಾಂಬ್ ಕೇಳುವುದಿಲ್ಲ. ದಾನವೂ ಕೇಳುವುದಿಲ್ಲ. ಕಸಿಗೆ ರಕ್ತದ ಗುಂಪು ಹೊಂದಬೇಕು, ಕೈಯ ಅಳತೆ, ಚರ್ಮದ ಬಣ್ಣ ಸಾಧ್ಯವಾದಷ್ಟು ಹೊಂದಬೇಕು. ಜಾತಿ ಧರ್ಮ ಹೊಂದಬೇಕೆಂಬ ನಿಯಮವಿಲ್ಲ. ಕೊಟ್ಟವರು ಆ ಕೈ ಎಷ್ಟು ವರ್ಷ ಬಾಳಬೇಕೆಂದು ಷರತ್ತು ಹಾಕುವುದೂ ಇಲ್ಲ. ಆ ಸೈನಿಕನಿಗೆ ಸಿಕ್ಕ ಐದು ವರ್ಷವನ್ನು ವ್ಯರ್ಥವೆನ್ನಲು ನನ್ನ ಬಾಯಿ ಬಾರದು.

ನಂಬಿಕೆ ಒಡೆದಾಗ

ಇಲ್ಲಿ ದೇವರ ಮೇಲಿನ ನಂಬಿಕೆಗಿಂತ ಆಸ್ಪತ್ರೆಯ ಮೇಲಿನ ನಂಬಿಕೆ ಬೇಗ ಒಡೆಯುತ್ತದೆ. ಕೇರಳ ಸರ್ಕಾರ 2012ರಲ್ಲಿ ‘ಮೃತಸಂಜೀವನಿ’ ಯೋಜನೆ ಆರಂಭಿಸಿತು. 2015ರಲ್ಲಿ ಮಿದುಳು ನಿಷ್ಕ್ರಿಯಗೊಂಡ 76 ಮಂದಿಯ ಅಂಗಗಳು ದಾನವಾದವು. 2018ರಲ್ಲಿ ಆ ಸಂಖ್ಯೆ 8ಕ್ಕೆ ಕುಸಿಯಿತು. ಅಂಗಕ್ಕಾಗಿ ಬದುಕಿರುವವರನ್ನೇ ಸತ್ತರೆಂದು ಘೋಷಿಸುತ್ತಾರೆ ಎಂಬ ಶಂಕೆ ಹಬ್ಬಿತ್ತು. ಆ ವರ್ಷ ಬಂದ ‘ಜೋಸೆಫ್’ ಎಂಬ ಮಲಯಾಳಂ ಚಿತ್ರದ ಕಥೆಯೂ ಇದನ್ನೇ ಹೆಣೆದಿತ್ತು. ಕಾನೂನಿನಲ್ಲಿ ಎಚ್ಚರಿಕೆ ಇಲ್ಲದಿಲ್ಲ: ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಆದರೂ ವೆಂಟಿಲೇಟರಿನಲ್ಲಿ ಎದೆ ಏರಿಳಿಯುತ್ತಿರುವ ಮಗನನ್ನು ಸತ್ತಿದ್ದಾನೆಂದು ಒಪ್ಪುವುದು ಯಾವ ತಾಯಿಗೂ ಸುಲಭವಲ್ಲ. ಇಲ್ಲಿ ಶಂಕೆ ತಪ್ಪಲ್ಲ. ಅದಕ್ಕೆ ಸಾವಧಾನದ ಉತ್ತರ ಸಿಗದಿರುವುದು ತಪ್ಪು.

ಊರಿಗೆ ಫೋನ್ ಮಾಡಿದಾಗ ಅಮ್ಮನ ಬಳಿ ಈ ವಿಷಯ ತೆಗೆದೆ. ‘ಕಣ್ಣು, ಕಿಡ್ನಿ ಕೊಡ್ಲಿ ಬಿಡು. ಕೈ ಮಾತ್ರ ಬೇಡ ಕಣೋ. ಕೊನೇಲಿ ಹಿಡ್ಕೊಳ್ಳೋಕೆ ಕೈಯಾದ್ರೂ ಬೇಡ್ವೇನೋ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಯಾವ ಶಾಸ್ತ್ರವನ್ನೂ ಉಲ್ಲೇಖಿಸದ ಈ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಕೈ ಕೊಡಲು ಒಪ್ಪಿದ ಆ ಕುಟುಂಬಗಳು ಏನನ್ನು ಬಿಟ್ಟುಕೊಟ್ಟವು ಎಂಬುದು ನನಗೆ ಅರ್ಥವಾದದ್ದೂ ಆಗಲೇ.

ಹೊರನಾಡಿನಲ್ಲಿರುವ ನಮಗೆ ಈ ಮಾತು ಇನ್ನೂ ಹತ್ತಿರದ್ದು. ನಮಗೇನಾದರೂ ಆದರೆ, ರಾತ್ರಿ ಬಸ್ಸು ಹಿಡಿದು ಬಂದ ಅಪ್ಪ ಅಮ್ಮನನ್ನು ಗೊತ್ತಿಲ್ಲದ ಊರಿನ ಆಸ್ಪತ್ರೆಯ ಕಾರಿಡಾರಿನಲ್ಲಿ, ಅವರದ್ದಲ್ಲದ ಭಾಷೆಯಲ್ಲಿ ಈ ಪ್ರಶ್ನೆ ಕೇಳುತ್ತಾರೆ. ಉತ್ತರಿಸಲು ಇರುವುದು ಕೆಲವೇ ಗಂಟೆ. ರಾಷ್ಟ್ರೀಯ ಸಂಸ್ಥೆ ನೋಟೊದಲ್ಲಾಗಲಿ, ಕರ್ನಾಟಕದ ‘ಜೀವಸಾರ್ಥಕತೆ’ಯಲ್ಲಾಗಲಿ ಹೆಸರು ನೋಂದಾಯಿಸಿದ್ದರೂ ಮನೆಯವರು ಒಪ್ಪದೆ ವೈದ್ಯರು ಮುಂದುವರಿಯುವುದಿಲ್ಲ. ಆದ್ದರಿಂದ ಕಾರ್ಡಿಗಿಂತ ಮಾತು ಮುಖ್ಯ. ನೀವು ಬೇಕೆನ್ನಿ, ಬೇಡವೆನ್ನಿ, ಕಣ್ಣಿಗೆ ಹೂಂ ಕೈಗೆ ಉಹೂಂ ಎನ್ನಿ. ಆದರೆ ನಿಮ್ಮ ಇಷ್ಟವೇನೆಂದು ಮನೆಯವರಿಗೆ ಗೊತ್ತಿರಲಿ. ಈ ಭಾನುವಾರ ಊರಿಗೆ ಫೋನ್ ಮಾಡುವಾಗ ಹವಾಮಾನ, ತಿಂಡಿ, ಮದುವೆ ಮಾತಿನ ನಡುವೆ ಇದಕ್ಕೂ ಐದು ನಿಮಿಷ ಇರಲಿ.