ಶೀತಕ ಅನಿಲಗಳ ಬದಲಾವಣೆ: ಇಂದಿನ ಖರೀದಿ, ನಾಳಿನ ಹೊರೆ

ಅಂಗಡಿಯ ಶೀತಕಪೆಟ್ಟಿಗೆ, ಕಛೇರಿಯ ಹವಾನಿಯಂತ್ರಕ, ಗೋದಾಮಿನ ಶಾಖನಿರೋಧಕ ಫಲಕ, ಕಟ್ಟಡದ ಮುಂಭಾಗದ ಬಣ್ಣದ ಲೋಹದ ಹಾಳೆ - ಇವುಗಳಲ್ಲೆಲ್ಲ ಫ್ಲೋರಿನ್ ಸಂಯುಕ್ತಗಳ ಪಾತ್ರವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಫ್ಲೋರ್‌ಸ್ಪಾರ್ ಖನಿಜವನ್ನು ಗಂಧಕಾಮ್ಲದೊಡನೆ ಕಾಯಿಸಿ ಪಡೆಯುವ ಹೈಡ್ರೋಜನ್ ಫ್ಲೋರೈಡೇ ಈ ಉದ್ಯಮದ ಮೂಲದ್ರವ್ಯ.

1930ರ ದಶಕದಲ್ಲಿ ಬಳಕೆಗೆ ಬಂದ ಸಿಎಫ್‌ಸಿ ಅನಿಲಗಳು ವಿಷಕಾರಿಯಲ್ಲ, ಉರಿಯುವುದೂ ಇಲ್ಲ. ಆದರೆ ಅವು ಓಜೋನ್ ಪದರಕ್ಕೆ ಮಾರಕವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು. 2010ರ ವೇಳೆಗೆ ಶೀತಕೋದ್ಯಮದಿಂದ ಸಿಎಫ್‌ಸಿ ನಿರ್ಗಮಿಸಿತು. ಪಾಲಿಯುರೆಥೇನ್ ಫೋಮ್ ಉಬ್ಬಿಸಲು ಬಳಸುತ್ತಿದ್ದ ಎಚ್‌ಸಿಎಫ್‌ಸಿ-141ಬಿ 2020ರ ಜನವರಿ 1ರಿಂದ ನಿಷಿದ್ಧವಾಯಿತು. ಆರ್-22 ಕೂಡ ಅದೇ ಹಾದಿಯಲ್ಲಿದೆ.

ನಂತರ ಬಂದ ಎಚ್‌ಎಫ್‌ಸಿಗಳು ಓಜೋನ್‌ಗೆ ಹಾನಿ ಮಾಡವು. ಭೂಮಿಯ ತಾಪವನ್ನು ಮಾತ್ರ ಹೆಚ್ಚಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಆರ್-410ಎ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,088 ಪಟ್ಟು, ಆರ್-32 ಸುಮಾರು 675 ಪಟ್ಟು ಪ್ರಬಲ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿತು. ಅದರಂತೆ 2028ರಲ್ಲಿ ಎಚ್‌ಎಫ್‌ಸಿ ಬಳಕೆಗೆ ಮಿತಿ ಬೀಳುತ್ತದೆ. 2032ರಿಂದ ಹಂತಹಂತವಾಗಿ ಇಳಿಸಿ 2047ಕ್ಕೆ ಶೇ. 85ರಷ್ಟು ಕಡಿತಗೊಳಿಸಬೇಕು.

ಇದರಿಂದ ವ್ಯಾಪಾರಿಗೇನು? ಒಂದು ಅನಿಲಕ್ಕೆಂದು ತಯಾರಾದ ಯಂತ್ರಕ್ಕೆ ಮತ್ತೊಂದನ್ನು ತುಂಬಲಾಗದು. ಒತ್ತಡ, ತೈಲ ಎರಡೂ ಬೇರೆ. ಆರ್-32 ಅಲ್ಪ ಪ್ರಮಾಣದಲ್ಲಿ, ಆರ್-290 ಎಂಬ ಪ್ರೊಪೇನ್ ಸುಲಭವಾಗಿ ಹೊತ್ತಿಕೊಳ್ಳುವಂಥವು. ಆದ್ದರಿಂದ ಖರೀದಿಗೆ ಮುನ್ನ ಯಂತ್ರದ ಫಲಕದಲ್ಲಿ ಅನಿಲದ ಹೆಸರನ್ನು ಓದಬೇಕು. ಇಂದು ಅಗ್ಗವೆಂದು ಹಳೆಯ ಯಂತ್ರ ಕೊಂಡವರು ನಾಳೆ ಅನಿಲಕ್ಕಾಗಿ ಪರದಾಡಬೇಕಾದೀತು. ಸೋರಿಕೆಯನ್ನು ಸರಿಪಡಿಸದೆ ಪದೇಪದೇ ಅನಿಲ ತುಂಬಿಸುವುದು ನಷ್ಟದ ಬಾಬತ್ತೇ ಸರಿ. ಹೋಟೆಲುಗಳ ಬಿಸಿನೀರಿಗೆ ಬಳಸುವ ಹೀಟ್ ಪಂಪಿಗೂ ಈ ಮಾತು ಅನ್ವಯಿಸುತ್ತದೆ.

ಕಟ್ಟಡ ಸಾಮಗ್ರಿಯ ವರ್ತಕರಿಗೂ ಒಂದು ಕಿವಿಮಾತು. ಇಂಗಾಲ-ಫ್ಲೋರಿನ್ ಬಂಧವು ಬಲವಾದುದರಿಂದ ಪಿವಿಡಿಎಫ್ ಲೇಪನವುಳ್ಳ ಹಾಳೆಯ ಬಣ್ಣ ಬಿಸಿಲಿಗೆ ಬಹುಕಾಲ ಮಾಸದು. ಪಾಲಿಯೆಸ್ಟರ್ ಲೇಪನ ಅಗ್ಗ, ಆದರೆ ಅಷ್ಟು ಬಾಳದು. ಹೊಸದಾಗಿರುವಾಗ ಎರಡೂ ಕಣ್ಣಿಗೆ ಒಂದೇ. ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆದು, ಬಿಲ್ಲಿನಲ್ಲಿ ಲೇಪನದ ಹೆಸರನ್ನು ನಮೂದಿಸುವುದು ಮಾರುವವರ ಹೆಸರಿಗೂ ಕೊಳ್ಳುವವರ ಹಣಕ್ಕೂ ಕ್ಷೇಮ.