ಫಿಟ್ಸ್ ಗುಳಿಗೆಯ ಬೆನ್ನಿಗೆ ಬಂದ ಮಕ್ಕಳ ಮನಸ್ಸು

ಗದಗ ಸೀಮೆಯಲ್ಲಿ ಯಾರದಾದರೂ ತಲೆ ಕೆಟ್ಟಿದೆ ಅನ್ನಬೇಕಿದ್ದರೆ ‘ಧಾರವಾಡಕ್ಕ ಒಯ್ರಿ’ ಅಂದರೆ ಮುಗಿಯಿತು. 1845ರಲ್ಲಿ ಶುರುವಾದ ಅಲ್ಲಿನ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಆಗಿದೆ. ದೊಡ್ಡವರೇ ಅಂಜುತ್ತಿದ್ದ ಆ ಕಟ್ಟಡಕ್ಕೆ ಮಕ್ಕಳನ್ನು ಒಯ್ಯುವ ಮಾತೆಲ್ಲಿ ಬಂತು?

ಮಕ್ಕಳಿಗೆ ಬಾಗಿಲು ತೆರೆದದ್ದು ಬೇರೆ ಕಡೆ. 1970ರ ದಶಕದ ನಡುವೆ ನಿಮ್ಹಾನ್ಸ್ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಸಮುದಾಯ ಘಟಕ ತೆರೆಯಿತು. ಕನ್ನಡ ಓದುಗರಿಗೆ ಬಲು ಪರಿಚಿತರಾದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ದುಡಿದದ್ದು ಇಂಥ ಕೆಲಸದಲ್ಲೇ. ಮನೋವೈದ್ಯರು ಹಳ್ಳಿಹಳ್ಳಿಗೆ ಸಿಗುವುದಿಲ್ಲ, ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಕಲಿಸೋಣ ಎಂಬುದು ಲೆಕ್ಕ. 1980ರ ದಶಕದ ನಡುವೆ ಇದೇ ಪ್ರಯೋಗ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿತು. ಗದಗ ಸೀಮೆಯ ಮುಂಡರಗಿಯವರಿಗೆ ಬಳ್ಳಾರಿ ಜಿಲ್ಲೆ ದೂರವೇನಿರಲಿಲ್ಲ. ತುಂಗಭದ್ರೆ ದಾಟಿದರೆ ಹೂವಿನಹಡಗಲಿ, ಆಗ ಅದು ಬಳ್ಳಾರಿ ಜಿಲ್ಲೆಯದೇ ತಾಲೂಕು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೂಡಿದಾಗ ಮಾದರಿಯಾದದ್ದು ಬಳ್ಳಾರಿ.

ವೈದ್ಯರಿಗೆ ಕಲಿಸಿದ ಕಾಯಿಲೆಗಳಲ್ಲಿ ಮೂರ್ಛೆರೋಗ, ಬುದ್ಧಿಮಾಂದ್ಯವೂ ಇದ್ದವು. ಮಕ್ಕಳು ಒಳಬಂದದ್ದು ಹೀಗೆ. ಫಿಟ್ಸ್ ಬಂದ ಮಗುವಿನ ಕೈಗೆ ಬೀಗದಕೈ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದ ತಾಯಿಗೆ ಅಗ್ಗದ ಫಿನೋಬಾರ್ಬಿಟೋನ್ ಗುಳಿಗೆ ಹತ್ತಿರದಲ್ಲೇ ಸಿಗತೊಡಗಿತು. ಆ ಗುಳಿಗೆ ಕೆಲವು ಮಕ್ಕಳಲ್ಲಿ ಸಿಡುಕು, ಚಡಪಡಿಕೆ ಹೆಚ್ಚಿಸುತ್ತದೆ. ಫಿಟ್ಸ್ ನಿಂತಿತೇ ಎಂದಷ್ಟೇ ಕೇಳುತ್ತಿದ್ದ ವೈದ್ಯರು ಹುಡುಗನ ನಡವಳಿಕೆಯನ್ನೂ ವಿಚಾರಿಸಬೇಕಾಯಿತು.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ತಂಡ ಅಂಗನವಾಡಿ, ಶಾಲೆಗಳಿಗೇ ಹೋಗಿ ಕಣ್ಣು, ಕಿವಿ, ಹಲ್ಲಿನ ಜೊತೆ ಮಾತು ತಡವಾದುದನ್ನೂ, ಆಟಿಸಂ ಮತ್ತು ಕಲಿಕೆಯ ತೊಂದರೆಗಳನ್ನೂ ಗುರುತಿಸಬೇಕು. ಒಳ್ಳೆಯದೇ. ಆದರೆ ಅಂಜಿದ ಮಗು ಈ ಪಟ್ಟಿಗೆ ಸಿಗುವುದು ಕಷ್ಟ.

ಅಂಜಿಕೆ ಬರುವುದೇ ಬೇರೆ ರೂಪದಲ್ಲಿ. ‘ಮುಂಜಾನೆ ಆತಂದ್ರ ಹೊಟ್ಟಿನೂವು ಅಂತಾನ್ರಿ ಡಾಕ್ಟ್ರ, ಐತ್ವಾರ ಏನೂ ಇರಂಗಿಲ್ರಿ’ ಎನ್ನುತ್ತಾಳೆ ತಾಯಿ. ಅರ್ಧ ರೋಗನಿರ್ಣಯ ಆ ಐತ್ವಾರದಲ್ಲೇ ಇದೆ. ಹೊರಗೆ ಪಾಳಿ ಬೆಳೆದಿದ್ದರೆ ಮಾತ್ರ ಜಂತುಹುಳದ ಗುಳಿಗೆ ಬರೆದು ಕಳಿಸುವುದೇ ಸಲೀಸು.

ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆಸುವ ಮನೋಚೈತನ್ಯ ಯೋಜನೆ ರಾಜ್ಯದಲ್ಲಿದೆ. ಲಕ್ಷ್ಮೇಶ್ವರದವರಿಗಾಗಲಿ, ಮುಂಡರಗಿಯವರಿಗಾಗಲಿ ಒಂದು ದಿನದ ಕೂಲಿ ಬಿಟ್ಟು ಗದಗ-ಬೆಟಗೇರಿಗೆ ಬಸ್ಸು ಹತ್ತುವುದು ತಪ್ಪಬೇಕಾದರೆ ಇಂಥದ್ದು ಬೇಕು. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಕೂಡ ಇದೆ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಮಕ್ಕಳಿಗೆ, ತಾಯ್ತಂದೆಯರಿಗೆ ಅದು ಸರಿ. ಆರು ವರ್ಷದ ಮಗು ಫೋನಿನಲ್ಲಿ ಏನು ಹೇಳೀತು? ಅದು ಆಡುವುದನ್ನು ಎದುರಿಗೆ ಕೂತು ನೋಡಬೇಕು. 2014ರಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಮಹಿಳಾ ಮತ್ತು ಮಕ್ಕಳ ಇಲಾಖೆಯ ನೆರವಿನಿಂದ, ಬೆಂಗಳೂರಿನ ಆರೋಗ್ಯ ಕೇಂದ್ರ, ಅಂಗನವಾಡಿ, ಶಾಲೆಗಳಿಗೆ ಇಳಿದದ್ದು ಇದಕ್ಕೇ. ಅಂಥದ್ದು ಗದಗ ಸೀಮೆಗೆ ಬರಲು ಎಷ್ಟು ಕಾಲ ಬೇಕೋ; ಸಕಲವಾರದ ಪ್ರಯೋಗ ಬಳ್ಳಾರಿ ಮುಟ್ಟಲು ಸುಮಾರು ಹತ್ತು ವರ್ಷ ಹಿಡಿದಿತ್ತು.