ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ: ಉಪನ್ಯಾಸಕರು ಏನು ಮಾಡಬಹುದು?

ಬೆಂಗಳೂರು: ತಪ್ಪದೆ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿ ಏಕಾಏಕಿ ಗೈರಾಗುತ್ತಾನೆ, ಇಂಟರ್ನಲ್ಸ್ ಬರೆಯುವುದಿಲ್ಲ, ಗೆಳೆಯರಿಂದಲೂ ದೂರ. ಹಾಸ್ಟೆಲ್ ಮಕ್ಕಳಲ್ಲಿ ಈ ಬದಲಾವಣೆ ಹೆತ್ತವರಿಗಿಂತ ಮೊದಲು ಕಣ್ಣಿಗೆ ಬೀಳುವುದು ಉಪನ್ಯಾಸಕರಿಗೆ. ಆದರೆ ಬಹಳ ಕಡೆ ಮೊದಲು ಹೋಗುವುದು ಹಾಜರಾತಿ ಕೊರತೆಯ ನೋಟಿಸ್!

ಬೋಧಕ, ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ 2 ಬಾರಿ ಈ ಬಗ್ಗೆ ತರಬೇತಿ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೂ ಇರಬೇಕು.

ಹಾಗೆಂದು ಉಪನ್ಯಾಸಕರು ವೈದ್ಯರಾಗಬೇಕಿಲ್ಲ. ಕಾಯಿಲೆಗೆ ಹೆಸರಿಡುವುದು ಅವರ ಕೆಲಸವಲ್ಲ, ‘ಧೈರ್ಯ ತಂದುಕೋ’ ಎಂಬ ಉಪದೇಶವೂ ಸಾಲದು. ನಡುವೆ ಬಾಯಿ ಹಾಕದೆ ಕೇಳಬೇಕು, ಕೇಳಿದ್ದು ಸ್ಟಾಫ್ ರೂಮಿನ ಮಾತಾಗಬಾರದು. ಸಮಾಲೋಚಕರ ಹೆಸರು ಹೇಳಿ ಕಳುಹಿಸುವುದಕ್ಕಿಂತ ಜೊತೆಯಲ್ಲೇ ಕರೆದೊಯ್ಯುವುದು ಮೇಲು. ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ಗುಟ್ಟು ಕಾಯುವಂತಿಲ್ಲ; ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರ ನೆರವು ಪಡೆಯಬೇಕು.

ಸಮಾಲೋಚಕರೇ ಇಲ್ಲದ ಕಾಲೇಜುಗಳಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸಂಖ್ಯೆ 14416, ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ವಿದ್ಯಾರ್ಥಿಯ ಬಗ್ಗೆ ಆತಂಕವಿರುವ ಉಪನ್ಯಾಸಕರೂ ಕರೆ ಮಾಡಬಹುದು.